ಪ್ರಾಕ್ಟಿಕಲ್ ಬಾಗಿಲು

ನಾಟಕದವರ ಬಾಯಲ್ಲಿ ‘ಪ್ರಾಕ್ಟಿಕಲ್’ ಎಂದರೆ ರಂಗದ ಮೇಲೆ ನಿಜವಾಗಿ ಕೆಲಸ ಮಾಡುವಂಥದ್ದು, ಅಷ್ಟೇ. ತೆರೆಯುವ ಬಾಗಿಲು ಪ್ರಾಕ್ಟಿಕಲ್; ಪರದೆಯ ಮೇಲೆ ಬರೆದ ಬಾಗಿಲು ಅಲ್ಲ. ಉರಿಯುವ ದೀಪ ಪ್ರಾಕ್ಟಿಕಲ್. ರಟ್ಟಿನ ದೀಪ ಅಲ್ಲ. ಮೂವತ್ತು ವರ್ಷ ನಾಟಕದ ಪರದೆಗಳಿಗೆ ಸೀನು ಬರೆದ ಬಣ್ಣದಕ್ಕ ಈ ಮಾತನ್ನು ಮನೆಗೂ ಹೊತ್ತು ತಂದಿದ್ದಳು. “ಅಳಿಯ ನೋಡೋಕೆ ಲಕ್ಷಣವಾಗಿದಾನೆ, ಆದ್ರೆ ಪ್ರಾಕ್ಟಿಕಲ್ ಅಲ್ಲ,” ಎಂದು ಮಗಳೆದುರೇ ಅಂದುಬಿಟ್ಟಿದ್ದಕ್ಕೆ, ಎರಡು ತಿಂಗಳು ಮಗಳು ಮಾತು ಬಿಟ್ಟಿದ್ದಳು.

ಹೊಸ ನಿರ್ದೇಶಕ ಬಂದವನೇ ಮೂಗು ಮುರಿದ. “ಬರೆದ ಬಾಗಿಲು ಚಿಕ್ಕ ಮಗೂನೂ ನಂಬಲ್ಲ ರೀ. ಇನ್ಮೇಲೆ ಎಲ್ಲಾ ಪ್ರಾಕ್ಟಿಕಲ್. ಬಡಗಿ ಒಬ್ಬ ಇದ್ರೆ ಸಾಕು, ಪೇಂಟರ್ ಬೇಡ.”

ಕುಂಚ ಹಿಡಿಯುವುದು ಬಿಟ್ಟು ಬಣ್ಣದಕ್ಕನಿಗೆ ಬೇರೇನೂ ಬರುತ್ತಿರಲಿಲ್ಲ. ಮನೆಯಲ್ಲಿ ಕೂತರೆ ಇಡೀ ದಿನ ಅಳಿಯನ ಮುಖ ನೋಡಬೇಕು.

“ಸೋಮವಾರ ವರ್ಕ್‌ಶಾಪಿಗೆ ಬನ್ನಿ,” ಎಂದಳು. “ಮೂರು ಬಾಗಿಲು ಇಟ್ಟಿರ್ತೀನಿ, ಒಂದೇ ಪ್ರಾಕ್ಟಿಕಲ್. ಮೊದಲ ಸಲಕ್ಕೇ ಅದನ್ನ ತೋರಿಸಿಬಿಡಿ, ನಾನೇ ಗಂಟುಮೂಟೆ ಕಟ್ತೀನಿ. ತಪ್ಪಿದ್ರೆ ಇಲ್ಲೇ ಇರ್ತೀನಿ.”

ಸೋಮವಾರ ಬೆಳಿಗ್ಗೆ ಅವನು ಬೀಗುತ್ತಾ ಬಂದ. ಮೊದಲನೆಯ ಬಾಗಿಲ ಹಿಡಿಯ ಸುತ್ತ, ಎಷ್ಟೋ ಕೈ ಮುಟ್ಟಿದ ಹಾಗೆ ಬಣ್ಣ ಸವೆದಿತ್ತು. “ಇದೇ!” ಎಂದು ಹಿಡಿದ. ಅಂಗೈಯೆಲ್ಲ ಹಸಿರು ಬಣ್ಣವಾಯಿತು. ಸೋತದ್ದು ಒಪ್ಪದೆ ಎರಡನೆಯದಕ್ಕೆ ಬಗ್ಗಿದ. ಕೆಳಗಿನ ಸಂದಿನಿಂದ ಬೆಳಕು ಬರುತ್ತಿತ್ತು. ಆ ಬೆಳಕನ್ನೂ ಅವಳೇ ಬರೆದಿದ್ದಳು. ಮೂರನೆಯದರ ಮುಂದೆ ಅವನು ಕೈಕಟ್ಟಿ ನಿಂತ.

“ಇದೂ ಬರೆದದ್ದೇ. ನನ್ನನ್ನೇನು ಮಂಗ ಮಾಡ್ತಿದೀರಾ?”

ಬಣ್ಣದಕ್ಕ ಹಿಡಿ ತಿರುಗಿಸಿದಳು. ಬಾಗಿಲು ಸಲೀಸಾಗಿ ತೆರೆಯಿತು. ಆಚೆ ಬಡಗಿ ಸ್ಟೂಲಿನ ಮೇಲೆ ಕೂತು ಟೀ ಹೀರುತ್ತಿದ್ದ.

ನಿರ್ದೇಶಕ ಮುಖ ಕೆಂಪಗೆ ಮಾಡಿಕೊಂಡು, ದಡದಡ ನಡೆದು, ವರ್ಕ್‌ಶಾಪಿನ ಬಾಗಿಲ ಹತ್ತಿರ ಹೋಗಿ ನಿಂತುಬಿಟ್ಟ. ಅರ್ಧ ಗಂಟೆ ಹಿಂದೆ ಅದೇ ಬಾಗಿಲಿಂದ ಒಳಗೆ ಬಂದವನು! ಕೈ ಚಾಚಿದ, ಹಿಂದಕ್ಕೆ ಎಳೆದುಕೊಂಡ, ಹಸಿರು ಅಂಗೈ ನೋಡಿಕೊಂಡ. ಬಡಗಿ ಟೀ ಕುಡಿಯುವುದನ್ನೇ ಮರೆತ. ಬಣ್ಣದಕ್ಕನಿಗಂತೂ ಸ್ವರ್ಗ ಮೂರೇ ಗೇಣು.

ಕೊನೆಗೆ ಅವನು ತಿರುಗಿ, ದನಿ ತಗ್ಗಿಸಿ ಕೇಳಿದ. “ಅಕ್ಕಾ, ನೀವು ಎಲ್ಲಿಗೂ ಹೋಗ್ಬೇಡಿ. ಕೆಲಸ ನಿಮ್ದೇ. ಇದು ಪ್ರಾಕ್ಟಿಕಲ್ಲಾ, ಅದನ್ನ ಹೇಳಿಬಿಡಿ.”

ಬಣ್ಣದಕ್ಕ ಕುಂಚ ತೊಳೆಯುತ್ತಾ, ತಲೆ ಎತ್ತದೆ, “ತಳ್ಳಿ ನೋಡಿ,” ಎಂದಳು.

ಆ ಬಾಗಿಲನ್ನು ಎಳೆಯಬೇಕಿತ್ತು.