ಕೊನೆಯ ಸ್ನಾನದ ಬೋಗುಣಿ

ನಾನೊಂದು ಬೋಗುಣಿ. ತಗಡಿಗೆ ಪಿಂಗಾಣಿ ಬಳಿದು, ಕುಲುಮೆಯಲ್ಲಿ ಬೇಯಿಸಿ, ತಳದಲ್ಲೊಂದು ನೀಲಿ ಹೂವು ಬರೆದು ನನ್ನನ್ನು ಹಡಗು ಹತ್ತಿಸಿದರು. ಇಳಿದದ್ದು ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ. ಹೂವಿದೆಯಲ್ಲ, ಮದುವೆ ಮನೆಯಲ್ಲಿ ಅನ್ನ ಬಡಿಸುವ ಭಾಗ್ಯ ಬಂದೀತೆಂದು ಬೀಗುತ್ತಿದ್ದೆ. ಹಣೆಬರಹ ಬೇರೆಯೇ ಇತ್ತು. ಮೋವಾ ನದಿಯ ದಂಡೆಯ ಹಳ್ಳಿಯಿಂದ ಸಂತೆಗೆ ಬಂದಿದ್ದ ಯೇಮಾ ಎಂಬ ವಿಧವೆ ನನ್ನನ್ನು ತಲೆಯ ಮೇಲಿಟ್ಟುಕೊಂಡು ಹೋದಳು. ಊರಲ್ಲಿ ಹೆಂಗಸರು ಸತ್ತರೆ ಮೀಯಿಸುವ ಕೆಲಸ ಅವಳದು.

ಮೊದಮೊದಲು ನನಗೆ ಹೇಸಿಗೆಯಾಯಿತು. ಆಮೇಲೆ ಅವಳ ಕೈ ನೋಡಿದೆ. ನೀರಿನ ಬಿಸಿಯನ್ನು ಮೊಣಕೈಯಲ್ಲಿ ಪರೀಕ್ಷಿಸಿ, ಎಳೆಗೂಸಿಗೆ ಎರೆಯುವಂತೆ ಹೆಣಕ್ಕೆ ಎರೆಯುತ್ತಿದ್ದಳು. ಸ್ನಾನವಿಲ್ಲದೆ ಹೋದವರನ್ನು ಹಿಂದೆ ಸತ್ತ ಹಿರಿಯರು ತಮ್ಮ ಊರೊಳಗೆ ಬಿಟ್ಟುಕೊಳ್ಳುವುದಿಲ್ಲ, ಅವರು ದಾರಿಯಲ್ಲೇ ಅಲೆಯುತ್ತಾರೆ ಎಂಬುದು ಅಲ್ಲಿಯವರ ನಂಬಿಕೆ.

ಒಂದು ವರ್ಷ ಎಬೋಲಾ ಬಂತು. ಜ್ವರದಲ್ಲಿ ಸತ್ತ ವ್ಯಾಪಾರಿ ಹೆಂಗಸೊಬ್ಬಳನ್ನು ಯೇಮಾ ಎಂದಿನಂತೆ ಮೀಯಿಸಿದಳು. ಸತ್ತವರ ಮೈಯಿಂದಲೂ ರೋಗ ಹತ್ತುತ್ತದೆಂದು ಊರಿಗೆ ತಿಳಿಯುವಷ್ಟರಲ್ಲಿ ಅವಳಿಗೂ ಜ್ವರ. ಆರೋಗ್ಯದವರು ನನ್ನನ್ನು ಕ್ಲೋರಿನ್ ನೀರಿನಲ್ಲಿ ಮುಳುಗಿಸಿದರು. ಮೂಗು ಉರಿಯಿತು ಎನ್ನಲು ನನಗೆ ಮೂಗಿಲ್ಲ, ಹೂವು ಮಾತ್ರ ಮಸುಕಾಯಿತು.

ಯೇಮಾ ಒಳಗಿನಿಂದ ಅಗುಳಿ ಹಾಕಿಕೊಂಡು ಮಗಳು ಜೆಬ್ಬೆಗೆ ಕೂಗಿ ಹೇಳಿದಳು: "ಬಾಗಿಲ ಹತ್ರ ಬರಬೇಡ ಮಗಳೇ. ನಾನು ಸತ್ರೂ ಮುಟ್ಬೇಡ. ನೀರು ಹಾಕ್ಬೇಡ."

ಆಸ್ಪತ್ರೆಯ ಗಾಡಿ ಬರುವ ಮೊದಲೇ ಅವಳ ದನಿ ನಿಂತಿತು.

ತಾಯಿಯ ಮಾತು ಕೇಳಿಸಿಕೊಂಡೂ ಜೆಬ್ಬೆ ನೀರು ಕಾಯಿಸಿದಳು. ಯೇಮಾಳ ಅಕ್ಕ ಬೋಯಿ ಅಂಗಳದಲ್ಲಿ ನಿಂತು ಎದೆ ಬಡಿದುಕೊಂಡಳು. "ಊರನ್ನೆಲ್ಲ ಮೀಯಿಸಿದೋಳು ಕಣೇ ಅವಳು! ಅವಳನ್ನೇ ಮೈ ತೊಳೀದೆ ಕಳಿಸ್ತೀಯಾ? ನೀನೆಂಥ ಮಗಳು?"

ಜೆಬ್ಬೆ ನನ್ನನ್ನು ಎತ್ತಿಕೊಂಡು ಬಾಗಿಲವರೆಗೆ ಹೋದಳು. ನೀರು ತುಳುಕುತ್ತಿತ್ತು. ಹೋಗಬೇಡ ಎಂದು ಕಿರುಚಬೇಕೆನಿಸಿತು ನನಗೆ. ಬೋಗುಣಿಗೆ ಬಾಯಿ ಅಗಲವಿದ್ದರೇನು, ಮಾತಿಲ್ಲವಲ್ಲ! ಅಮ್ಮನ ಮಾತು ಮೀರಲಾಗದೆ ಅವಳು ನನ್ನನ್ನು ಹೊಸ್ತಿಲ ಹೊರಗಿಟ್ಟು ಅಲ್ಲೇ ಕುಳಿತಳು. ನೀರು ನನ್ನೊಳಗೇ ಆರಿತು. ಬಿಳಿ ಉಡುಪಿನವರು ಬಂದು, ಬಾಗಿಲು ಮುರಿದು, ಯೇಮಾಳನ್ನು ಚೀಲದಲ್ಲಿ ಹಾಕಿ ಒಯ್ದರು.

ಜೆಬ್ಬೆ ಬದುಕಿಕೊಂಡಳು. ಬದುಕಿದ್ದೇ ತಪ್ಪೆಂಬಂತೆ ಬೋಯಿ ಅವಳೊಡನೆ ಮಾತು ಬಿಟ್ಟಳು.

ಈಗ ನಾನು ತಳ ತೂತಾಗಿ ಕೋಳಿಗೂಡಿನ ಪಕ್ಕ ಬಿದ್ದಿದ್ದೇನೆ. ಕೊನೆಯ ಸಲ ನೀರು ಹೊತ್ತದ್ದು ಬೋಯಿಗಾಗಿ. ರೋಗ ತೊಲಗಿ ಕೆಲವು ಮಳೆಗಾಲ ಕಳೆದ ಮೇಲೆ ಅವಳು ವಯಸ್ಸಾಗಿ ತೀರಿಕೊಂಡಳು. ಮೀಯಿಸಲು ಬಲ್ಲವಳು ಊರಲ್ಲಿ ಜೆಬ್ಬೆ ಒಬ್ಬಳೇ ಉಳಿದಿದ್ದಳು. ಬರುತ್ತಾಳೋ ಇಲ್ಲವೋ ಎಂದು ಹೆಂಗಸರು ಪಿಸುಗುಟ್ಟಿದರು. ಬಂದಳು. ಬೋಯಿಯ ಬೆರಳ ಸಂದಿಗಳನ್ನೂ ಬಿಡದೆ ತೊಳೆದಳು. ಮುಂಚೆ ಹೋದವರಿಗೆ ಏನಾದರೂ ಹೇಳಿಕಳಿಸುವುದಿದ್ದರೆ ಆ ಊರಲ್ಲಿ ಸತ್ತವರ ಕಿವಿಯಲ್ಲಿ ಹೇಳುತ್ತಾರೆ. ಜೆಬ್ಬೆ ಬಗ್ಗಿದಳು.

"ದೊಡ್ಡಮ್ಮಾ, ಅಮ್ಮ ಇನ್ನೂ ದಾರೀಲೇ ಕೂತಿರ್ತಾಳೆ. ಕೈ ಹಿಡಿದು ಒಳಗೆ ಕರ್ಕೊಂಡು ಹೋಗು. ಯಾರಾದ್ರೂ ತಡೆದರೆ, ಈ ಸ್ನಾನ ಇಬ್ಬರದೂ ಅಂತ ಹೇಳು."