ಹಳದಿ ಬಳಿದಷ್ಟೇ ನನ್ನದು

ಟುಣ್ ಅನ್ನುತ್ತದೆ ಕಂಪ್ಯೂಟರು, ಮತ್ತೆ ಟುಣ್, ಬೀರಮ್ಮನ ಹೆಸರು ಮೂಡುತ್ತಲೇ ಇಲ್ಲ, ಹಳದಿ ಬಳಿದ ಜಾಗ ಬಿಟ್ಟು ಬೇರೆಲ್ಲಿ ಒತ್ತಿದರೂ ಹೀಗೇ ಗೊಣಗುತ್ತದೆ, ಹಳದಿ ಇರುವುದು ಮುಹೂರ್ತದ ಹೊತ್ತಿಗೆ, ಛತ್ರದ ಹೆಸರಿಗೆ, ಉಳಿದ ಲಗ್ನಪತ್ರಿಕೆಗೆಲ್ಲ ಬೀಗ — ನಮ್ಮ ಯಜಮಾನರು ಉಮಾಶಂಕರ ಹಾಕಿದ ಬೀಗ, ಅಂಗಡಿ ಬೋರ್ಡಿನ ಮೇಲೆ ಮಾತ್ರ ನನ್ನ ಹೆಸರು, ಪದ್ಮಶ್ರೀ ಡಿಟಿಪಿ, ಇಡೀ ಹುಣಸೂರಿಗೆ ಕಾಣುವ ಹಾಗೆ. ಪಕ್ಕದ ಸ್ಟೂಲಿನಲ್ಲಿ ಬೀರಮ್ಮ, ಅಂತರಸಂತೆಯಿಂದ ಬಸ್ಸು ಹತ್ತಿ ಬಂದವಳು, ಮದುವೆ ಹೆಣ್ಣಿನ ಸೋದರತ್ತೆ, ಸುಖಾಗಮನ ಬಯಸುವವರಲ್ಲಿ ತನ್ನ ಹೆಸರೇ ಇಲ್ಲವೆಂದು ಸೆರಗಿನಲ್ಲಿ ಮೂಗೊರೆಸುತ್ತಿದ್ದಾಳೆ, ಸೋದರತ್ತೆಯನ್ನೇ ಬಿಟ್ಟರೆ ಚಪ್ಪರದಡಿ ಯಾವ ಮುಖ ಹೊತ್ತು ನಿಲ್ಲುವುದು, ನ್ಯಾಯವೇ, ಆದರೆ ನನ್ನ ಕೈಯಲ್ಲೇನಿದೆ. ಹಿರಿಯರು ಒಪ್ಪಿ ಹೋದಮೇಲೆ ಒಬ್ಬೊಬ್ಬರೇ ಬಂದು ಹೆಸರು ಮೇಲೆ ಕೆಳಗೆ ಮಾಡಿಸ್ತಾರೆ, ನಿಂದು ಮೆತ್ತನೆ ಮನಸು ಕಣೇ, ಅತ್ತೋರಿಗೆಲ್ಲ ಆಕ್ಕೊಡ್ತೀಯ, ಒಸಿ ಆ ಕಡೆ ತಿರುಗು, ಬೀಗ ಹಾಕುವಾಗ ಯಜಮಾನರು ಅಂದದ್ದು — ತಿರುಗಿದ್ದೆ, ತಾಳಿ ಕಟ್ಟಿಸಿಕೊಂಡವಳು ಗೋಡೆ ನೋಡುತ್ತ ಕೂತಿದ್ದೆ, ಕಣ್ಣಂಚಿಗೆ ಕಂಡದ್ದು ಒಂದು ಸಾಲು ನಕ್ಷತ್ರ, ಒತ್ತಿದ ಪಾಸ್‌ವರ್ಡ್ ಯಾರಿಗೂ ಕಾಣದ ಹಾಗೆ ಕಂಪ್ಯೂಟರು ಹಾಕುವ ನಕ್ಷತ್ರ. ಅವರ ಭುಜದ ಹತ್ತಿರವೇ ರಮ್ಯಾ ನಿಂತಿದ್ದಳು, ಅವಳಿಗೆ ಯಾರೂ ತಿರುಗು ಅನ್ನಲಿಲ್ಲ. ಯುಗಾದಿ ಆದಮೇಲೆ ಕೆಲಸಕ್ಕೆ ಸೇರಿದವಳು, ಒತ್ತಕ್ಷರ ಹೇಗೆ ಹಾಕೋದಕ್ಕಾ ಅಂತ ನನ್ನನ್ನೇ ಕೇಳುತ್ತಿದ್ದವಳು, ಈಗ ಅವಳು ಗಟ್ಟಿಗಿತ್ತಿಯಂತೆ, ಯಾರಿಗೂ ಸೊಪ್ಪು ಹಾಕಲ್ಲವಂತೆ. ಹೊಟ್ಟೆ ಉರಿಯುತ್ತದೆ, ಹೌದು, ಉರಿಯದೆ ಇನ್ನೇನು, ಅವಳು ಮುಡಿದ ಮಲ್ಲಿಗೆಗೂ ಉರಿಯುತ್ತದೆ, ಅವಳಿಗೆಂದು ಅವರು ತರಿಸುವ ಬಾದಾಮಿ ಹಾಲಿಗೂ, ನನಗೆ ಅರ್ಧ ಟೀ ಸಾಕು.

ರಮ್ಯಾ ಊಟ ಮುಗಿಸಿ ಬಂದಳು, ಬಂದವಳ ಕೈಯನ್ನೇ ಹಿಡಿದುಕೊಂಡಳು ಬೀರಮ್ಮ, ಒಂದೇ ಒಂದು ಎಸ್ರು ಕಣವ್ವ, ನಾನು ಎತ್ತಿ ಆಡ್ಸಿದ ಕೂಸು ಅದು. ಆಗಲ್ಲ ಅನ್ನಲಿ ಈಗ, ಗಟ್ಟಿಗಿತ್ತಿ ಅಲ್ಲವೇ, ಅನ್ನಲಿ — ಅಷ್ಟಕ್ಕೆಲ್ಲ ಯಾಕಮ್ಮ ಅಳ್ತೀರ, ಆಕ್ಬುಡನ ಬುಡಿ, ಅಕ್ಕಾ ಒಸಿ ಜರುಗಿ. ಹಾಗಾದರೆ ನನ್ನಿಂದ ಮುಚ್ಚಿಟ್ಟದ್ದಕ್ಕೆ ಕಾರಣ ಮೆತ್ತನೆ ಮನಸ್ಸಲ್ಲ, ಅದಲ್ಲ. ಜರುಗಿದೆ, ಈ ಸಲ ಗೋಡೆ ನೋಡಲಿಲ್ಲ, ಅವಳು ಎಡಗೈ ಅಡ್ಡವಿಟ್ಟು ಒತ್ತಿದಳು, ಟಕ್, ಟಕ್, ನಕ್ಷತ್ರದ ಪಕ್ಕ ನಕ್ಷತ್ರ, ನನ್ನ ಹೆಸರು ಇಂಗ್ಲಿಷಿನಲ್ಲಿ ಉದ್ದ, ಅವರದು ಇನ್ನೂ ಉದ್ದ, ಇನ್ನೂ ಬರಬೇಕು, ಬರಲಿ, ಇನ್ನಷ್ಟು ಬರಲಿ — ನಿಂತೇಹೋಯಿತು, ಬೀಗ ತೆರೆಯಿತು, ಬೀರಮ್ಮ ಹರಸುತ್ತಿದ್ದಾಳೆ, ನಿನ್ನ ಹೊಟ್ಟೆ ತಣ್ಣಗಿರಲಿ ಕಣವ್ವ, ಅವಳಿಗೆ, ನನಗಲ್ಲ. ಆರ್, ಎ, ಎಂ, ವೈ, ಎ, ರಮ್ಯಾ ಅಂದರೆ ಐದು, ಬೇರೆ ಏನೋ ಇರಬಹುದು, ಇರಬಹುದು, ಐದಕ್ಷರದ್ದು ಬೇಕಾದಷ್ಟಿವೆ, ಆದರೆ ಪರದೆಯ ಮೇಲೆ ಇದ್ದದ್ದು ಐದು ನಕ್ಷತ್ರ, ಐದೇ, ಐದು ನಕ್ಷತ್ರ