ಓನ್ನಿ ತಲೆಯೊಳಗಿನ ಸದ್ದು

ಓನ್ನಿ ತಲೆ ಮೇಲೆ ಕೊಂಬೆ ಬಿದ್ದಿದ್ದು ಮಾರ್ಚಲ್ಲಿ. ಹೆಲ್ಮೆಟ್ಟು ಸೀಳೇ ಹೋಯ್ತು. ಅದನ್ನ ಪಕ್ಕಕ್ಕೆಸೆದು ಸಂಜೇವರೆಗೂ ಮರ ಕಡಿದ ಪುಣ್ಯಾತ್ಮ. ಅಮೆರಿಕದ ಮಿಶಿಗನ್ನಿನ ಉತ್ತರದ ಕಾಡಲ್ಲಿ, ಫಿನ್ಲೆಂಡಿಂದ ಬಂದ ನಮ್ಮ ಫಿನ್ನರು ಹಂಗೇ ಕಣ್ರಪ್ಪಾ, ನೋವು ಅಂತ ಬಾಯಿಬಿಟ್ರೆ ಮರ್ಯಾದೆ ಹೋಯ್ತು.

ಮೂರು ವಾರಕ್ಕೆ ಬಲಗಿವೀಲಿ ಶುರುವಾಯ್ತು. ಶ್ಶೂ, ಶ್ಶೂ, ಶ್ಶೂ. ನಾಡಿ ಹೊಡೆದಂಗೇ ಅದೂ ಹೊಡೀತಿತ್ತು. ಡಾಕ್ಟ್ರು ಕಿವಿಯೊಳಗೆ ದೀಪ ಬಿಟ್ಟು ನೋಡಿ, "ಇಪ್ಪತ್ತು ವರ್ಷ ಮೆಷಿನ್ ಗರಗಸ ಹಿಡಿದಿದ್ದೀರಲ್ಲ, ಆ ಸದ್ದಿಗೇ ಕಿವಿ ಕೆಟ್ಟಿದೆ, ಅಷ್ಟೇ" ಅಂದ. ಇನ್ನೊಬ್ಬ ಮನಸ್ಸಿನ ಕಾಯಿಲೆ ಅಂದ. ಒಬ್ಬನಾದ್ರೂ ತಲೆಗೆ ಕಿವಿಯಿಟ್ಟು ಕೇಳಿದ್ನಾ? ಇಲ್ಲ.

ಸೌನಾ ಅಂದ್ರೆ ಕಾದ ಕಲ್ಲಿಗೆ ನೀರು ಹುಯ್ದು ಹಬೆ ಎಬ್ಬಿಸೋ ನಮ್ಮ ಸ್ನಾನದ ಕೋಣೆ, ಅದರ ಬಿಸೀಲಿ ಕೂತ್ರೆ ಸದ್ದು ಇನ್ನೂ ಜೋರು. ಅದಕ್ಕೆ ಓನ್ನಿ ಶನಿವಾರದ ಸೌನಾನೇ ಬಿಟ್ಟ. ನಮ್ಮಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಹೆಂಡತಿ ಹಿಲ್ಯಾ ಅಂದೇಬಿಟ್ಲು, "ನಿಮಗೆ ತಲೆ ಕೆಟ್ಟಿದೆ ಅಂತಾರ್ರೀ ಊರೋರು. ನಾನು ಹೆಂಗೆ ಮುಖ ತೋರಿಸ್ಲಿ?" ಹಾಸಿಗೇನೂ ಬೇರೆ ಕೋಣೆಗೆ ಎಳ್ಕೊಂಡ್ಲು.

ಕೊನೆಗೆ ಕೇಳಿಸ್ಕೊಂಡೋನು ಅವಳ ತಮ್ಮ ತೌನೋ, ಗ್ಯಾರೇಜಿನೋನು. ಎಂಜಿನ್ನಿನ ಸದ್ದು ಕೇಳೋಕೆ ಅವನ ಹತ್ರ ಒಂದು ಸ್ಟೆತಸ್ಕೋಪು, ತುದೀಲಿ ಕಬ್ಬಿಣದ ಕಡ್ಡಿ. ರಿಪೇರಿಗೆ ಬಂದ ಓನ್ನಿ ಟ್ರಕ್ಕಿನ ಎಂಜಿನ್ನಿಗೆ ಅದನ್ನಿಟ್ಟು ಕೇಳ್ದ.

"ನಿನ್ ಟ್ರಕ್ಕು ಸರಿಯಾಗಿದೆ ಭಾವ."

"ಹಂಗಾದ್ರೆ ಇದನ್ನೂ ಕೇಳೋ" ಅಂತ ಓನ್ನಿ ತಲೆ ಬಗ್ಗಿಸಿದ.

"ನಟ್ಟು ಸಡಿಲ ಅಂತ ಊರಿಗೇ ಗೊತ್ತು, ಕೇಳೋದೇನು!" ನಗ್ತಾನೇ ಎಂಜಿನ್ ಆರಿಸಿ, ಕಿವಿ ಹಿಂದಿನ ಮೂಳೆಗೆ ಕಡ್ಡಿ ಮೆಲ್ಲಗೆ ಒತ್ತಿದ. ನಗು ನಿಂತೋಯ್ತು.

"ಭಾವ... ಹೊಡೀತಿದೆ ಕಣೋ. ನಂಗೂ ಕೇಳಿಸ್ತಿದೆ."

ಓನ್ನಿ ಬಾನೆಟ್ ಹಿಡ್ಕೊಂಡು ಅತ್ತುಬಿಟ್ಟ.

ತೌನೋ ಅವನನ್ನ ದೊಡ್ಡಾಸ್ಪತ್ರೆಗೆ ಎಳ್ಕೊಂಡೋಗಿ, ಅದೇ ಕಡ್ಡೀನ ಡಾಕ್ಟ್ರ ಕೈಗಿಟ್ಟು "ಕೇಳಯ್ಯಾ" ಅಂದ. ಕೊಂಬೆ ಬಿದ್ದ ಏಟಿಗೆ ತಲೆಯೊಳಗೆ ಎರಡು ರಕ್ತನಾಳ ಒಂದಕ್ಕೊಂದು ಕೂಡ್ಕೊಂಡುಬಿಟ್ಟಿದ್ವು. ಒಡೆದಿದ್ರೆ ಸತ್ತೇ ಹೋಗ್ತಿದ್ದ. ತೊಡೆಯ ರಕ್ತನಾಳದಿಂದ ತಲೆವರೆಗೂ ಸಣ್ಣ ತಂತಿ ತೂರಿಸಿ ಆ ಜಾಗ ಮುಚ್ಚಿದ್ರು. ಸದ್ದು ನಿಂತಿತು.

ಮನೆಗೆ ಬಂದ್ರೆ ಹಿಲ್ಯಾ ಸೌನಾ ಕಾಯಿಸಿಟ್ಟಿದ್ಲು. ಕಣ್ಣು ನೆಲಕ್ಕೆ ಹಾಕಿ ಅಂದ್ಲು, "ಮೊದಲ್ನೇ ತಿಂಗ್ಳೇ, ನಿಮ್ಮ ಪಕ್ಕ ಮಲಗಿದ್ದಾಗ, ನಂಗೂ ಕೇಳಿಸಿತ್ತು ರೀ. ಡಾಕ್ಟ್ರೇ ಇಲ್ಲ ಅಂದ್ಮೇಲೆ ನಾನು ಹೂಂ ಅಂದಿದ್ರೆ, ನನ್ನನ್ನೂ ಹುಚ್ಚಿ ಅಂತಿರ್ಲಿಲ್ವಾ?"

ಓನ್ನಿ ಟವೆಲ್ ತಗೊಂಡು ಸೌನಾದೊಳಗೆ ಹೋಗಿ ಚಿಲಕ ಹಾಕ್ಕೊಂಡ. ಹಿಲ್ಯಾ ಹೊರಗೆ ಬಾಗಿಲು ತಟ್ಟಿದ್ಲು, ತಟ್ತಾನೇ ಇದ್ಲು. ಎಲ್ಲಾ ಚೆನ್ನಾಗಿ ಕೇಳಿಸ್ತಿತ್ತು ಅವನಿಗೆ. ಕಾದ ಕಲ್ಲಿನ ಮೇಲೆ ಇನ್ನೊಂದು ಸೌಟು ನೀರು ಹುಯ್ದ.